ನಲವತ್ತು ದಿನದ ಪಾಲು

"ಈ ಕೈಲಿ ಮುನ್ನೂರು ಹೆಣ ತೊಳ್ದಿದೀನಿ, ಒಂದಕ್ಕೂ ಹೆದರಿಲ್ಲ," ಅಂತ ಅವೆಲೀನ ಬಟ್ಟೆ ಹಿಂಡಿದಳು. ಆಮೇಲೆ ತಾನೇ ಒಪ್ಪಿಕೊಂಡಳು. "ಸರಿ, ಅರ್ಧ ಸುಳ್ಳು. ನೂರೈವತ್ತು ಅಂತಿಟ್ಕೋ."

"ಹಂಗಾದ್ರೆ ಇವನನ್ನ ತೊಳೆಯೋಕೆ ಯಾಕಕ್ಕಾ ಇಷ್ಟು ಅವಸರ?" ಪಕ್ಕದ್ಮನೆ ಮಾಬಿಲ ಹೆಣವನ್ನ ಮಗ್ಗುಲಿಗೆ ಹೊರಳಿಸಿದಳು. "ಅಯ್ಯೋ, ದ್ರಾಕ್ಷಿ ತೋಟದ ಆಳಿಗೆ ಬೆನ್ನ ಮೇಲೆ ಇಷ್ಟುದ್ದ ಗಾಯವಾ?"

"ಎತ್ತು ತಿವಿದಿದ್ದು ಕಣೆ."

"ಎಂಥಾ ಎತ್ತೋ! ಕೊಂಬಿಗೆ ಕಮ್ಮಾರನ ಹತ್ರ ಸಾಣೆ ಹಿಡಿಸಿಕೊಂಡು ಬಂದಿತ್ತೇನೋ."

ಅವೆಲೀನ ಗಡಿಬಿಡಿಯಲ್ಲಿ ಹೊದಿಕೆ ಎಳೆದಳು.

*

ಮೂರು ದಿನದ ಹಿಂದೆ. ಆರು ವರ್ಷ ಅವಳ ಕೊಟ್ಟಿಗೆ ಅಟ್ಟದಲ್ಲೇ ಮಲಗಿ, ತೋಟದ ಕೆಲಸ ಮಾಡ್ಕೊಂಡು, ಹೆಣ್ಣಿನ ಬೆರಳೂ ಸೋಕಿಸಿಕೊಳ್ಳದಿದ್ದ ಮುದುಕ ತಿಬೋ, ಅವತ್ತು ಸಾಯೋ ಹಾಸಿಗೆಯಿಂದ ಅವಳ ತೋಳು ಹಿಡ್ಕೊಂಡ.

"ತಾಯಿ, ನಾನು ಕೆಂಪು ಶಿಲುಬೆಯೋನು."

ಎದೆ ಮೇಲೆ ಕೆಂಪು ಶಿಲುಬೆ ತೊಟ್ಟು ಕತ್ತಿ ಹಿಡಿದ ಆ ಸನ್ಯಾಸಿಗಳನ್ನ, ಶಿಲುಬೆಗೇ ಉಗಿದೋರು ಅಂತ ಪ್ಯಾರಿಸ್ಸಲ್ಲಿ ಸುಟ್ಟಿದ್ದು ಊರಿಗೆಲ್ಲ ಗೊತ್ತು. ಬಚ್ಚಿಟ್ಟೋರನ್ನ ಬಿಡ್ತಾರಾ?

"ನಮ್ಮಲ್ಲೊಬ್ಬ ಸತ್ರೆ, ಅವನ ಪಾಲಿನ ರೊಟ್ಟಿ, ದ್ರಾಕ್ಷಾರಸ ನಲವತ್ತು ದಿನ ಬಡವನಿಗೆ. ಮಠ ಹೋಯ್ತು, ನಿಲುವಂಗಿ ಹೋಯ್ತು. ಇದೊಂದು ನಡೆಸಿಕೊಡು. ನಾನು ಸನ್ಯಾಸಿಯಾಗೇ ಸತ್ತೆ ಅಂತ ದೇವರಿಗಾದ್ರೂ ಗೊತ್ತಾಗ್ಲಿ."

ಅವಳು ಹೂಂ ಅಂದಿದ್ದಳು.

*

ಹೆಣ ಎತ್ತಿಸೋಕೆ ಪಾದ್ರಿ ಬಂದ. ಹೊಸ್ತಿಲ ಮೇಲೆ ಭಿಕ್ಷುಕ ಗೋಬಿನ್ ತಿಬೋನ ಬಟ್ಟಲು ತೊಡೆ ಮೇಲಿಟ್ಕೊಂಡು ಚಪ್ಪರಿಸ್ತಿದ್ದ.

"ನೋಡಿ ಸ್ವಾಮಿ, ಸತ್ತೋನ ಪಾಲು ನನಗೇ! ನಲವತ್ತು ದಿನ ಹಾಕ್ತಾಳಂತೆ ಅಕ್ಕ!"



"ನಲವತ್ತಾ?" ಪಾದ್ರಿ ನಿಧಾನಕ್ಕೆ ತಿರುಗಿದ. "ಆ ಪದ್ಧತಿ ಪ್ಯಾರಿಸ್ಸಲ್ಲಿ ಸುಟ್ಟೋದೋರದ್ದು. ನಿಂಗ್ಯಾರು ಹೇಳ್ಕೊಟ್ರು? ಇವನು ಅವರವನಾಗಿದ್ರೆ ಇವನಿಗೆ ಚರ್ಚಿನ ಮಣ್ಣಲ್ಲಿ ಜಾಗ ಇಲ್ಲ, ಅವೆಲೀನ. ನಿಂಗೂ ಇಲ್ಲ."

ಅವೆಲೀನ ಲೆಕ್ಕ ಹಾಕಿದಳು. ಇವತ್ತೊಂದು ದಿನಕ್ಕೆ ಅಷ್ಟೇ ಅಂದುಬಿಟ್ರೆ ಜೀವ ಉಳಿಯುತ್ತೆ, ಕೊಟ್ಟ ಮಾತು ಹೋಗುತ್ತೆ. ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಗೋಬಿನ್‌ಗೆ ನಲವತ್ತರ ಮೇಲೆ ಎಣಿಸೋಕೆ ಬರಲ್ಲ ಸ್ವಾಮಿ! ನಾನಂದಿದ್ದು, ನಾನು ಸಾಯೋವರೆಗೂ ದಿನಾ ಹಾಕ್ತೀನಿ ಅಂತ!"

ಮಾಬಿಲ ಪಕ್ಕನೆ ನಕ್ಕಳು. ಹೆಣ ಹೊರೋಕೆ ಬಂದೋರೂ ನಕ್ಕರು. ಗೋಬಿನ್ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಪಾದ್ರಿ ನಗಲಿಲ್ಲ. ಸೊಪ್ಪಿನ ಕಡ್ಡಿಯನ್ನ ಮಂತ್ರಿಸಿದ ನೀರಲ್ಲಿ ಅದ್ದಿ, ಹೆಣದ ಮೇಲಕ್ಕೆತ್ತಿದ. ಆ ನೀರು ಬಿದ್ರೆ ತಿಬೋಗೆ ಚರ್ಚಿನ ಮಣ್ಣು ಸಿಕ್ಕಂಗೆ. ಕಣ್ಣು ಮಾತ್ರ ಅವೆಲೀನಳ ಮೇಲೆ. ಎಲೆ ತುದೀಲಿ ಒಂದು ಹನಿ ದಪ್ಪಗಾಗಿ ತೂಗ್ತಾ ಇತ್ತು. ಅದು ತಿಬೋನ ಹಣೆ ಮೇಲೆ ಬಿತ್ತೋ, ಇಲ್ಲ ಪಾದ್ರಿ ಕೈ ಹಿಂದಕ್ಕೆಳಕೊಂಡನೋ? ನೀವೇ ಹೇಳಿ ನೋಡೋಣ.