ಎರಡನೆಯ ದಿನದ ಸಂಡಿಗೆ

ನ್ಯಾಯಾಲಯ ವಿಭಾಳಿಗೆ ಮಗಳನ್ನು ಕೊಟ್ಟದ್ದು ಇಪ್ಪತ್ತೊಂದು ದಿನಗಳ ಮಟ್ಟಿಗೆ. ಏಪ್ರಿಲ್ ಹತ್ತರಿಂದ ಮೂವತ್ತರವರೆಗೆ ಒಂಬತ್ತು ವರ್ಷದ ಆಶ್ರಿತಾ ಹಲಸೂರಿನಲ್ಲಿ ತಾಯಿಯ ಬಾಡಿಗೆ ಮನೆಯಲ್ಲಿರಬಹುದು. ಆಮೇಲೆ ಮತ್ತೆ ಮಾರತ್ತಹಳ್ಳಿಯಲ್ಲಿರುವ ಅಪ್ಪ ವಿಕ್ರಮ್‌ನ ಫ್ಲ್ಯಾಟಿಗೆ. ಎರಡು ವರ್ಷದ ಹಿಂದೆ ವಿಭಾ ಆ ಫ್ಲ್ಯಾಟ್ ಬಿಟ್ಟು ಬಂದಾಗ ಹುಡುಗಿಗೆ ವಾರ್ಷಿಕ ಪರೀಕ್ಷೆ ನಡೆಯುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಕರೆದುಕೊಂಡು ಬಂದರಾಯಿತು ಎಂದುಕೊಂಡಿದ್ದಳು. ಅಷ್ಟರಲ್ಲಿ ವಿಕ್ರಮ್ ಕೋರ್ಟಿಗೆ ಹೋಗಿದ್ದ.

ರಜೆಗೆ ಹದಿನೈದು ದಿನ ಮುಂಚೆ ವಿಭಾ ಶಿವಾಜಿನಗರದಲ್ಲಿ ತನ್ನ ವಕೀಲೆ ಸುಮೈರಾಳನ್ನು ನೋಡಲು ಹೋದಳು. ಸುಮೈರಾ ಫೈಲಿನಿಂದ ತಲೆಯೆತ್ತದೆ ಕೇಳಿದಳು, "ಮಗು ಬಂದ್ರೆ ಏನ್ಮಾಡಿಸ್ತೀರಾ?"

"ಏನ್ಮಾಡಿಸ್ತೀನಿ ಅಂದ್ರೆ? ಜೊತೇಲಿರ್ತೀನಿ. ರಜಾ ಹಾಕಿದೀನಿ."

"ಅದು ಸಾಲಲ್ಲ ರೀ. ಅವರ ಕಡೆಯಿಂದ ಸ್ವಿಮ್ಮಿಂಗು, ಚೆಸ್ಸು, ಎಲ್ಲದರ ಸರ್ಟಿಫಿಕೇಟ್ ಹಾಕಿದಾರೆ. ಜಡ್ಜ್‌ಗೆ ನಿಮ್ಮ ಮನಸ್ಸು ಕಾಣಲ್ಲ, ಫೈಲ್ ಕಾಣತ್ತೆ. ಮನೇಲೇ ದಿನಾ ಏನಾದ್ರೂ ಒಳ್ಳೇದು ಮಾಡಿಸಿ. ಮಜಾನೂ ಇರ್ಬೇಕು, ಕಲಿಯೋದೂ ಇರ್ಬೇಕು. ದಿನಕ್ಕೊಂದು ಫೋಟೊ ತೆಗೀರಿ. ತಾರೀಖು ಇರ್ಲಿ."

ವಿಭಾ ಇಂದಿರಾನಗರದ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವಳು. ಯಾವುದನ್ನೂ ಅರೆಬರೆ ಮಾಡಿದವಳಲ್ಲ. ಆ ವಾರವೆಲ್ಲ ಊಟ ಮುಗಿಸಿ ಕುಳಿತು, ದೊಡ್ಡ ಹಾಳೆಯ ಮೇಲೆ ಇಪ್ಪತ್ತೊಂದು ಚೌಕ ಎಳೆದು ತುಂಬಿಸಿದಳು. ಅಡುಗೆ ಸೋಡಾ, ನಿಂಬೆರಸದಿಂದ ಬಲೂನು ಊದಿಸುವುದು. ಹಳೆಯ ಪೇಪರಿನಲ್ಲಿ ಸೇತುವೆ ಕಟ್ಟಿ ಅದು ಎಷ್ಟು ಲೋಟಗಳ ಭಾರ ತಡೆಯುತ್ತದೆ ಎಂದು ನೋಡುವುದು. ಟೆರೇಸಿನಲ್ಲಿ ಕೋಲು ನಿಲ್ಲಿಸಿ ಗಂಟೆಗೊಮ್ಮೆ ನೆರಳು ಅಳೆಯುವುದು. ದಾಸವಾಳ ಬಿಡಿಸಿ ಅದರ ಭಾಗಗಳನ್ನು ಅಂಟಿಸುವುದು. ಜೊತೆಗೇ ಇದ್ದ ಅವಳ ತಾಯಿ ಜಲಜಾ ಕನ್ನಡಕ ಹಾಕಿಕೊಂಡು ಹಾಳೆಯನ್ನು ಪೂರ್ತಿ ಓದಿದರು.

"ಇದರಲ್ಲಿ ಅವಳು ಸುಮ್ಮನೆ ಕೂರೋದು ಯಾವಾಗ?"

"ಸುಮ್ಮನೆ ಕೂತ್ರೆ ಫೋಟೊ ಬರಲ್ಲಮ್ಮ."

ಆಶ್ರಿತಾ ಬಂದಳು. ಹೇಳಿದ್ದನ್ನೆಲ್ಲ ಮಾಡಿದಳು. ಬಲೂನು ಊದಿಕೊಂಡಾಗ ಚಪ್ಪಾಳೆ ತಟ್ಟಿದಳು, ಸೇತುವೆಯ ಪಕ್ಕ ನಿಂತು ಲೋಟ ಎಣಿಸಿದಳು. ವಿಭಾ ಮೊಬೈಲು ಹಿಡಿದ ಕೂಡಲೇ ಬೆನ್ನು ನೆಟ್ಟಗಾಗುತ್ತಿತ್ತು, ಕ್ಲಿಕ್ ಆದಮೇಲೆ ಭುಜ ಇಳಿಯುತ್ತಿತ್ತು. ಮಗು ನಾಚುತ್ತಿದೆ, ಎರಡು ವರ್ಷ ದೂರವಿದ್ದದ್ದಕ್ಕೆ ಹೀಗೆ ಎಂದು ವಿಭಾ ಸಮಾಧಾನ ಮಾಡಿಕೊಂಡಳು.

ಹನ್ನೆರಡನೆಯ ದಿನದ ಚೌಕದಲ್ಲಿ ಬರೆದದ್ದು ನೀರಿನ ಚಕ್ರದ ಚಿತ್ರ. ಆದರೆ ಅಂದು ಬೆಳಿಗ್ಗೆ ವಿಭಾಗೆ ಆಫೀಸಿನಿಂದ ಫೋನು ಬಂತು. ಯಾರೋ ಕೇಳುತ್ತಿದ್ದ ಹಳೆಯ ಕಡತವೊಂದನ್ನು ಹುಡುಕಿಕೊಡಲು ಎರಡು ಗಂಟೆ ಹೋಗಿಬರಬೇಕಾಯಿತು. ವಾಪಸು ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲು ಹತ್ತಿ ಟೆರೇಸಿಗೆ ಹೋದಳು.

ಜಲಜಾ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಹಾಕಿಸುತ್ತಿದ್ದರು. ಆಶ್ರಿತಾ ಮಂಡಿಯೂರಿ ಕುಳಿತು ಚಕ್ಕುಲಿ ಒರಳನ್ನು ಎರಡೂ ಕೈಯಿಂದ ಒತ್ತುತ್ತಿದ್ದಳು. ಸಂಡಿಗೆಗಳು ಸುರುಳಿಯಾಗಿರಲಿಲ್ಲ, ಅಕ್ಷರಗಳಾಗಿದ್ದವು. ಶಾಲೆಯಲ್ಲಿ ಕನ್ನಡವೆಂದರೆ ಮೂತಿ ತಿರುವುವ ಹುಡುಗಿ ಹಿಟ್ಟಿನಲ್ಲಿ "ಕಾಗೆ" ಎಂದು ಬರೆದು, ಪಕ್ಕದಲ್ಲಿ ಕಾಗೆಯನ್ನೂ ಮಾಡಿದ್ದಳು. ಆಮೇಲೆ ಗೆಳತಿಯ ಹೆಸರು, ಮೀನು, ಒತ್ತಕ್ಷರ ತಪ್ಪಿದ "ಅಜ್ಜಿ". ಮೂಗಿನ ಮೇಲೆ ಹಿಟ್ಟು ಒಣಗಿತ್ತು.

"ಅಮ್ಮ, ಳ ಹೇಗೆ ಒತ್ತೋದು? ಒಡೆದುಹೋಗ್ತಿದೆ."

ವಿಭಾ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕುಳಿತಳು. ಮಗಳ ಕೈ ಮೇಲೆ ಕೈಯಿಟ್ಟು ಳ ಬರೆಸಿದಳು. ಆಮೇಲೆ ಇಬ್ಬರೂ ಹಸಿ ಹಿಟ್ಟು ನೆಕ್ಕಿದರು. ಕಾಗೆ ಬಂದಾಗಲೆಲ್ಲ ಆಶ್ರಿತಾ ಕೊಡೆ ಬೀಸುತ್ತ ಟೆರೇಸಿನ ತುಂಬ ಓಡಿದಳು. ಮಧ್ಯಾಹ್ನ ಕೆಳಗಿಳಿದು ಬಂದು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಬಂದ ಮೇಲೆ ಹಾಗೆ ಮಲಗಿದ್ದು ಅದೇ ಮೊದಲು.

ಸಂಜೆ ಸುಮೈರಾಳ ಮೆಸೇಜು ಬಂದಾಗಲೇ ವಿಭಾಗೆ ನೆನಪಾದದ್ದು. ಇವತ್ತಿನ ಫೋಟೊ ಎಲ್ಲಿ? ಓಡಿಹೋಗಿ ನೋಡಿದರೆ ಅಕ್ಷರಗಳು ಬಿಸಿಲಿಗೆ ಮುದುಡಿಕೊಂಡು, ಯಾವುದು ಏನೆಂದು ತಿಳಿಯುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಎದ್ದು ಹಿಟ್ಟು ಕುದಿಸಿದಳು.

"ಮತ್ತೆ ಯಾಕೆ?" ಜಲಜಾ ಕೇಳಿದರು. "ಡಬ್ಬಿ ತುಂಬ ಆಗಿದೆಯಲ್ಲ."

"ನಿನ್ನೆ ಒಂದೂ ಫೋಟೊ ತೆಗೀಲಿಲ್ಲಮ್ಮ. ಇದಕ್ಕಿಂತ ಒಳ್ಳೇದು ಇನ್ಯಾವ್ದಿದೆ?"

"ಬೇಡ ಕಣೆ."

ವಿಭಾ ಕೇಳಲಿಲ್ಲ. ಆಶ್ರಿತಾಗೆ ನಿನ್ನೆಯದೇ ಹಳದಿ ಫ್ರಾಕು ಹಾಕಿಸಿದಳು, ತಲೆ ಬಾಚಿದಳು. ಟೆರೇಸಿನಲ್ಲಿ ಪಂಚೆ ಹಾಸಿ, ನೆರಳು ಬೀಳದ ಕಡೆ ಮಗಳನ್ನು ಕೂರಿಸಿದಳು.

"ನಿನ್ನೆ ಬರೆದ ಹಾಗೇ ಬರಿ ಪುಟ್ಟಿ."

ಆಶ್ರಿತಾ ಒರಳು ಹಿಡಿದು ಕುಳಿತಳು. "ಏನು ಬರೀಲಿ?"

ವಿಭಾ ಮೊಬೈಲು ಸರಿಯಾಗಿ ಹಿಡಿದುಕೊಂಡಳು. ಆಮೇಲೆ ಹೇಳಿದಳು, "ಅಮ್ಮ ಅಂತ ಬರಿ."

ಹುಡುಗಿ ಬರೆದಳು. ಒತ್ತಕ್ಷರ ಸರಿಯಾಗಿ ಬಂತು. ತಲೆಯೆತ್ತಿ, ಹೇಳಿಸಿಕೊಳ್ಳದೆಯೇ ನಕ್ಕಳು. ವಿಭಾ ನಾಲ್ಕು ಫೋಟೊ ತೆಗೆದಳು.

"ಆಯ್ತಾ?"

"ಆಯ್ತು. ಎಷ್ಟು ಚೆನ್ನಾಗಿದೆ ನೋಡು."

ಆಶ್ರಿತಾ ನೋಡಲಿಲ್ಲ. ಒರಳನ್ನು ಪಾತ್ರೆಯೊಳಗಿಟ್ಟು ಪಂಚೆಗೆ ಕೈ ಒರೆಸಿಕೊಂಡಳು. "ಡ್ಯಾಡಿನೂ ಹಿಂಗೇ ತೆಗೀತಾರೆ. ಸ್ವಿಮ್ಮಿಂಗ್ ಮುಗಿದ ಮೇಲೆ ಮತ್ತೆ ನೀರಿಗಿಳಿಸ್ತಾರೆ. ಅವರ ಲಾಯರ್ ಅಂಕಲ್‌ಗೆ. ನಿಂದು ಲಾಯರ್ ಆಂಟಿಗೆ ತಾನೇ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ವಿಭಾ ಮೊಬೈಲು ಕೆಳಗಿಟ್ಟಳು. ಜಲಜಾ ಕೊಡೆ ಮಡಿಸಿಕೊಂಡು ಕೆಳಗಿಳಿದರು.

ಮಿಕ್ಕ ಎಂಟು ಚೌಕಗಳೂ ತುಂಬಿದವು. ಆ ರಾತ್ರಿಯಿಂದ ಆಶ್ರಿತಾ ಅಜ್ಜಿಯ ಹಾಸಿಗೆಯಲ್ಲಿ ಮಲಗಿದಳು.

ಜೂನ್‌ನಲ್ಲಿ ನ್ಯಾಯಾಲಯದ ಆಪ್ತಸಮಾಲೋಚಕಿ ಮಗುವನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ವರದಿ ಕೈಗೆ ಬಂದಾಗ ಸುಮೈರಾಗೆ ಖುಷಿಯೋ ಖುಷಿ. ಅದನ್ನು ವಿಭಾಗೆ ಓದಿ ಹೇಳಿದಳು. ಮಗು ತಾಯಿಯ ಮನೆಯ ಚಟುವಟಿಕೆಗಳನ್ನು ಒಂದೊಂದಾಗಿ, ಕ್ರಮ ತಪ್ಪದೆ ಹೇಳಿತ್ತು. ಪ್ರತಿಯೊಂದಕ್ಕೂ "ಮಜಾ ಬಂತು, ತುಂಬ ಕಲಿತೆ" ಎಂದಿತ್ತು. ತಂದೆಯ ಮನೆಯ ಬಗ್ಗೆಯೂ ಅದೇ ಎರಡು ಮಾತು.

"ಸಂಡಿಗೆ ಫೋಟೊ ಇದ್ಯಲ್ಲ, ಅದನ್ನ ಮೇಲೇ ಇಟ್ಟಿದ್ದೆ," ಎಂದಳು ಸುಮೈರಾ. "ಜಡ್ಜ್ ಎರಡು ಸಲ ನೋಡಿದ್ರು. ಯಾರೂ ಹೇಳಿಕೊಟ್ಟು ಬರೆಸಿದ ಹಾಗಿಲ್ಲ, ಅದೇ ಅದರ ಬೆಲೆ."

ವಿಭಾ ಕುರ್ಚಿಯ ಕೈಯನ್ನು ಉಗುರಿನಿಂದ ಕೆರೆಯುತ್ತ ಕುಳಿತಿದ್ದಳು. ಹೇಳಿಬಿಡಬೇಕೆನಿಸಿತು. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು.

ಜುಲೈನಲ್ಲಿ ಆದೇಶ ಬಂತು. ಎರಡನೆಯ, ನಾಲ್ಕನೆಯ ಶನಿವಾರ ಭಾನುವಾರ ಮಗಳು ವಿಭಾಳ ಜೊತೆ. ಎಲ್ಲ ರಜೆಗಳಲ್ಲೂ ಅರ್ಧ ಪಾಲು. ಅವಳು ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಆಫೀಸಿನಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದಳು.

ಆದೇಶದ ಪ್ರಕಾರ ಬರಬೇಕಾದ ಮೊದಲ ಶನಿವಾರ ಆಶ್ರಿತಾ ಬಂದು ಬ್ಯಾಗಿಳಿಸಿದಳು. ಮುಖ ತೊಳೆದು ಬಂದು, ತಾನೇ ತಲೆ ಬಾಚಿಕೊಂಡು, ಬೆಳಕು ಚೆನ್ನಾಗಿ ಬೀಳುವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಳು.

"ಇವತ್ತು ಏನು ಮಾಡ್ಬೇಕು?"

"ಏನೂ ಇಲ್ಲ ಪುಟ್ಟಿ." ವಿಭಾ ಎದುರಿಗೆ ನೆಲದ ಮೇಲೆ ಕುಳಿತಳು. ಈ ಮಾತಿಗಾಗಿ ವಾರದಿಂದ ಕಾದಿದ್ದಳು. "ಆರ್ಡರ್ ಬಂತಲ್ಲ. ಇನ್ನು ಫೋಟೊ ಬೇಡ, ಪಟ್ಟಿ ಬೇಡ. ಸುಮ್ಮನೆ ಇರೋಣ."

ಆಶ್ರಿತಾ ನಿಜಕ್ಕೂ ತಿಳಿಯದವಳಂತೆ ಕೇಳಿದಳು, "ಮತ್ತೆ ನಾನು ಯಾಕೆ ಬಂದಿದ್ದು?"

ವಿಭಾ ಅವಳ ಪಾದ ಹಿಡಿದುಕೊಂಡಳು. ಏನೇನೋ ಹೇಳಿದಳು: ನೀನು ನನ್ನ ಮಗಳಲ್ವಾ, ನಂಗೆ ನೀನು ಬೇಕು, ಅದಕ್ಕೇ ಎಲ್ಲಾ ಮಾಡಿದ್ದು. ಹುಡುಗಿ ಹ್ಞೂಂ ಹ್ಞೂಂ ಎನ್ನುತ್ತ ಕೇಳಿದಳು. ಆಮೇಲೆ ಮೆಲ್ಲಗೆ ಕಾಲು ಬಿಡಿಸಿಕೊಂಡು, ಅಡುಗೆಮನೆಯಲ್ಲಿದ್ದ ಅಜ್ಜಿಯ ಹತ್ತಿರ ಹೋದಳು. ಎರಡು ದಿನವೂ ಅಲ್ಲೇ ಇದ್ದಳು. ವಿಭಾ ಒಳಗೆ ಬಂದಾಗ ಮಾತು ನಿಲ್ಲುತ್ತಿತ್ತು.

ಭಾನುವಾರ ಸಂಜೆ ಆರಕ್ಕೆ ವಿಕ್ರಮ್ ಬರಬೇಕಿತ್ತು. ಐದೂಕಾಲಿಗೆಲ್ಲ ಆಶ್ರಿತಾ ಶೂ ಹಾಕಿಕೊಂಡು, ಬ್ಯಾಗು ಬೆನ್ನಿಗೇರಿಸಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಳಿತಿದ್ದಳು. ವಿಭಾ ಹಾಲಿನ ಲೋಟ ತಂದು ಕೊಟ್ಟಳು. ಅದನ್ನು ಕುಡಿದು ಥ್ಯಾಂಕ್ಯೂ ಎಂದಳು. ಇನ್ನೂ ಮುಕ್ಕಾಲು ಗಂಟೆಯಿದೆ, ಬ್ಯಾಗು ಇಳಿಸು ಎನ್ನಲು ವಿಭಾಗೆ ಧೈರ್ಯ ಸಾಲಲಿಲ್ಲ.