ನಾಟುವುದಿಲ್ಲ

ಶಾರದವ್ವ ನಿರಿಗೆ ಸರಿಸಿ ಕಾಲು ತೋರಿಸಿದಾಗ ಲ್ಯಾಬ್ ಟೆಕ್ನೀಶಿಯನ್ ಪ್ರತಿಭಾ ಬಗ್ಗಿ ನೋಡಿದಳು. ತಿಂಗಳ ಹಿಂದೆ ಎಕ್ಕಂಬಿಯ ಈ ಹೆಂಗಸು ಶಿರಸಿಯ ಈ ಲ್ಯಾಬಿಗೆ ಕೀವು ಪರೀಕ್ಷೆಗೆ ಬಂದಾಗ, ಅನಾನಸ್ ಎಲೆ ಗೀರಿದ ಗಾಯ ಎಂಟಾಣೆಯಷ್ಟಿತ್ತು. ಈಗ ಅಂಗೈಯಗಲ. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ಹೀಗೇ ಬಿಟ್ಟರೆ ಕಾಲೇ ಹೋದೀತು.

“ರಿಪೋರ್ಟು ಡಾಕ್ಟರಿಗೆ ತೋರಿಸಿದ್ರಾ ಅಮ್ಮಾ?”

“ಅವ್ರು ಊರಾಗ ಇರ್ಲಿಲ್ಲವ್ವ. ಸೊಸಿ ಗೀತಾ ಓದಿ ಹೇಳಿದ್ಲು. ಮನ್ಯಾಗಿದ್ದ ಮುಲಾಮಿನ ಹೆಸರಿನ ಮುಂದ ಆರ್ ಐತಿ, ಆರ್ ಅಂದ್ರ ರೈಟ್. ಇನ್ನೊಂದು ಮದ್ದಿನ ಮುಂದ ಎಸ್, ಅಂದ್ರ ಸ್ಟಾಪ್. ರೈಟ್ ಇದ್ದದ್ದನ್ನ ದಿನಾ ಎರಡು ಸಲ ಹಚ್ಚೀನಿ.”

ಇದ್ದದ್ದು ತಿರುಗುಮುರುಗು. ಆರ್ ಎಂದರೆ ರೋಗಾಣು ಆ ಮದ್ದಿಗೆ ಬಗ್ಗದು, ಎಸ್ ಎಂದರೆ ಬಗ್ಗುತ್ತದೆ. ಆ ಎರಡಕ್ಷರ ಟೈಪು ಮಾಡಿದವಳು ಪ್ರತಿಭಾಳೇ.

ಮತ್ತೆ ಕೀವು ತೆಗೆದುಕೊಂಡು, ಮೂರು ದಿನ ಬಿಟ್ಟು ಬರಹೇಳಿದಳು. ಅವಳು ಬರಬೇಕಿದ್ದ ದಿನ ಬೆಳಿಗ್ಗೆ, ಕೀವಿನ ರೋಗಾಣು ಬೆಳೆಸಿದ್ದ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದಳು. ಒಂದು ಮದ್ದು ಹೀರಿಸಿದ ಕಾಗದದ ಬಿಲ್ಲೆಯ ಸುತ್ತ ರೋಗಾಣು ಸತ್ತು, ಬಳೆಯಂತೆ ತಿಳಿಯಾದ ಜಾಗ. ಮುಲಾಮಿನ ಮದ್ದಿದ್ದ ಬಿಲ್ಲೆಗೆ ಮಾತ್ರ ರೋಗಾಣು ಮೈಗೆ ಮೈ ತಾಗಿಸಿ ಬೆಳೆದಿತ್ತು. ತನ್ನ ಕಣ್ಣನ್ನೇ ನಂಬದೆ ಮೂರು ಸಲ ಅಳೆದಳು.

ರಿಪೋರ್ಟಿನ ಕೆಳಗೆ ಕನ್ನಡದಲ್ಲಿ ‘ಹಚ್ಚಬೇಡಿ’ ಎಂದು ಬರೆದು ಅಳಿಸಿದಳು. ಅದು ಡಾಕ್ಟರು ಹೇಳಬೇಕಾದ ಮಾತು. ತಟ್ಟೆ ಹೇಳಿದ್ದಷ್ಟನ್ನೇ ಬರೆದಳು: ಈ ರೋಗಾಣುವಿಗೆ ಈ ಮುಲಾಮು ನಾಟುವುದಿಲ್ಲ.

ಲ್ಯಾಬಿನ ಯಜಮಾನ ಸುಭಾಷ ಹಾಳೆ ಎತ್ತಿ ನೋಡಿದ. “ಇದೆಂತ ಮಾರಾಯ್ತಿ, ರಿಪೋರ್ಟೋ ಪಂಚಾಯ್ತಿ ನೋಟಿಸೋ? ಡಾಕ್ಟರು ಕಂಡ್ರೆ ನಾಳೆಯಿಂದ ಒಂದು ಸ್ಯಾಂಪಲ್ಲೂ ಬರೂದಿಲ್ಲ. ಆ ಸಾಲು ತೆಗ್ದು ಬೇರೆ ಕೊಡು.”

ಈ ಕೆಲಸ ಹೋದರೆ ಪ್ರತಿಭಾಳಿಗೆ ಇನ್ನೊಂದು ಸಿಗುವುದು ಸುಲಭವಿರಲಿಲ್ಲ.

“ತೆಗೀತೇನೆ. ಸಹಿ ನೀವು ಹಾಕಿ.”

“ನಾ ಹಾಕೂಕೆ ಬರ್ತದಾ? ಕಲ್ತವಳು ನೀನು.”

“ಅದಕ್ಕೇ ಹೇಳೂದು. ನೋಡಿದ್ದು ನಾನು, ಸಹಿ ನಂದು. ಸಾಲೂ ಇರ್ತದೆ.”

ಸುಭಾಷ ಬಾಯಿ ತೆರೆಯುವಷ್ಟರಲ್ಲಿ ಅವಳು ಹಾಳೆಯನ್ನು ರಿಪೋರ್ಟಿಗೆಂದು ಬಂದು ಬೆಂಚಿನ ಮೇಲೆ ಕೂತಿದ್ದ ಶಾರದವ್ವನ ಕೈಗಿತ್ತಳು. “ಓದಿ ಅಮ್ಮಾ. ಗಟ್ಟಿಯಾಗಿ.”

ಶಾರದವ್ವ ಬೆರಳಿಟ್ಟು, ಅಕ್ಷರಕ್ಕಕ್ಷರ ಕೂಡಿಸಿ ಓದಿದಳು. “ನಾ… ಟು… ವು… ದಿಲ್ಲ.” ಚೀಲದಿಂದ ಅರ್ಧ ಹಿಂಡಿದ ಟ್ಯೂಬು ತೆಗೆದು ಸುಭಾಷನ ಮೇಜಿನ ಮೇಲಿಟ್ಟಳು. “ಇದು ನಿಮಗ ಇರ್ಲಿ ಸಾಹೇಬ್ರ. ನನಗ ನಾಟೂದಿಲ್ಲಂತ. ಡಾಕ್ಟರ ಕಡೆ ಹೊಂಟೆ.”

ಪ್ರತಿಭಾ ಮುಂದಿನ ರಿಪೋರ್ಟು ತೆರೆದಳು. ಅದರಲ್ಲೂ ಒಂದು ಆರ್ ಇತ್ತು. ಸುಭಾಷ ನೋಡುತ್ತ ನಿಂತಿದ್ದಂತೆಯೇ, ಅದರ ಕೆಳಗೂ ಕನ್ನಡದ ಸಾಲೊಂದನ್ನು ಟೈಪು ಮಾಡತೊಡಗಿದಳು.