ಗರಗಸಕ್ಕೆ ಮುಂಚೆ ಒಂದು ಫೋಟೋ

ದೂರದೇಶದ ಇಸಿಕ್‌ಕುಲ್ ಸರೋವರದ ದಂಡೆಯ ಒಂದು ಊರಲ್ಲಿ ತೊಕ್ತೊಸುನ್ ಅವರ ಸೇಬಿನ ತೋಟ ಹೆಸರುವಾಸಿ. ಈ ವರ್ಷ ಹೂ ಉದುರುತ್ತಿದ್ದಂತೆ ಕೆಲವು ಚಿಗುರುಗಳು ಸುಟ್ಟಂತೆ ಕಪ್ಪಾಗಿ, ತುದಿ ಬಾಗಿ ಜೋತುಬಿದ್ದವು.

"ಚಳಿ ಹೊಡೆದಿದೆ. ಸವರಿದ್ರೆ ಸರಿಹೋಗುತ್ತೆ" ಎಂದು ಅವರು ನೆರೆಯವರನ್ನು ಮುಯ್ಯಾಳಿಗೆ ಕರೆದರು. ಒಂದು ತೋಟ ಮುಗಿದರೆ ಅದೇ ಗರಗಸಗಳು ಬೀದಿಯ ಉಳಿದ ತೋಟಗಳಿಗೂ ಹೋಗುವುದು ಅಲ್ಲಿನ ವಾಡಿಕೆ.

ಸೊಸೆ ಮೇರಿಮ್‌ಗೆ ಮಾತ್ರ ಅನುಮಾನ. ಚಿಗುರಿನ ಫೋಟೋ ತೆಗೆದು ಯುವ ರೈತರ ವಾಟ್ಸಾಪ್ ಗುಂಪಿಗೆ ಹಾಕಿದಳು. "ಹತ್ತಿರದ್ದೊಂದು, ಇಡೀ ಮರದ್ದೊಂದು ಕಳಿಸಮ್ಮ" ಎಂದರು ಕೃಷಿ ತಜ್ಞೆ ನಾಜಿರಾ. ಕಳಿಸಿದಳು. ಅವರ ಧ್ವನಿ ಸಂದೇಶ ಬರುವ ಹೊತ್ತಿಗೆ ನೆರೆಯವರೆಲ್ಲ ಚಹಾ ಮುಗಿಸಿ ಗರಗಸ ಹಿಡಿದು ಎದ್ದಾಗಿತ್ತು.

ನಾಲ್ಕು ಜನರೆದುರು ಮಾವನಿಗೆ ಎದುರಾಡುವ ಸೊಸೆ ಆ ಊರಲ್ಲಿಲ್ಲ.  ಮೇರಿಮ್ ಆ ಸಂದೇಶವನ್ನು ಬೀದಿಯವರ ವಾಟ್ಸಾಪ್ ಗುಂಪಿಗೆ ದಾಟಿಸಿದಳು. ಎಲ್ಲರ ಜೇಬೂ ಒಟ್ಟಿಗೇ ಟಿಣ್ ಎಂದಿತು. ಪಕ್ಕದ ಮನೆಯ ಬೈಶೆನ್ ಫೋನ್ ಒತ್ತಿದ. ನಾಜಿರಾ ಧ್ವನಿ ಕೇಳಿಸಿತು.

"ಇದು ಚಿಗುರು ಸುಡೋ ರೋಗದ ಹಾಗೆ ಕಾಣ್ತಿದೆ. ಗರಗಸದ ಜೊತೆಗೇ ಮರದಿಂದ ಮರಕ್ಕೆ ಹೋಗುತ್ತೆ. ಇವತ್ತು ಏನೂ ಕಡೀಬೇಡಿ. ನಾಳೆ ನಾನೇ ಬಂದು ನೋಡ್ತೀನಿ."

ತೊಕ್ತೊಸುನ್ ಮುಖ ಗಂಟಿಕ್ಕಿದರು. "ಎಲ್ಲೋ ಕೂತೋರಿಗೆ ನನ್ನ ಮರದ ಕಷ್ಟ ಏನು ಗೊತ್ತು?"

ಮೇರಿಮ್ ತಲೆ ತಗ್ಗಿಸಿಯೇ ಹೇಳಿದಳು. "ಮಾವ, ರೋಗ ಅಲ್ದಿದ್ರೆ ಇವರೆಲ್ಲರ ಮುಂದೇನೇ ನನ್ನ ಬೈರಿ. ಆದ್ರೆ ರೋಗಾನೇ ಆಗಿದ್ರೆ, ನಮಗೆ ಸಹಾಯಕ್ಕೆ ಬಂದೋರ ತೋಟಕ್ಕೆ ನಾವೇ ಹಚ್ಚಿ ಕಳಿಸ್ದಂಗಾಗುತ್ತೆ."

ತೊಕ್ತೊಸುನ್ ನೆರೆಯವರ ಮುಖ ನೋಡಿದರು. ಆಮೇಲೆ ಎಲ್ಲರಿಗಿಂತ ಮೊದಲು ತಾವೇ ಗರಗಸ ಕೆಳಗಿಟ್ಟರು.

ಮರುದಿನ ನಾಜಿರಾ ಬಂದು ನೋಡಿದರು. ಅನುಮಾನ ನಿಜವಾಗಿತ್ತು. ನೆರೆಯವರಿಂದ ರೋಗದ ಜಾಗಕ್ಕಿಂತ ಸಾಕಷ್ಟು ಕೆಳಗೆ ಕಡಿಸಿ, ಒಂದೊಂದು ಸಲವೂ ಗರಗಸವನ್ನು ಸ್ಪಿರಿಟ್ಟಿನಲ್ಲಿ ಒರೆಸಿಸಿ, ಕಡಿದದ್ದನ್ನೆಲ್ಲ ಸುಡಿಸಿದರು.

"ಕೆಲಸ ಮಾಡೋ ನಮಗೆ ಬರೀ ಚಹಾ, ಗರಗಸಕ್ಕೆ ಸ್ಪಿರಿಟ್ಟು" ಎಂದು ಬೈಶೆನ್ ಗೊಣಗಿದ.

ತೊಕ್ತೊಸುನ್ ಅವರ ಕೆಲವು ಮರಗಳು ಹೋದವು. ಬೀದಿಯ ಬೇರೆ ಯಾವ ತೋಟಕ್ಕೂ ರೋಗ ದಾಟಲಿಲ್ಲ. "ನಮ್ಮ ಸೊಸೆ ಅವತ್ತು ಬಾಯಿ ತೆರೆದಿದ್ದಕ್ಕೆ ನಿಮ್ಮನ್ನೆಲ್ಲಾ ಮುಖ ಎತ್ತಿ ಮಾತಾಡಿಸ್ತಿದೀನಿ" ಎಂದು ಅವರು ಎಲ್ಲರಿಗೂ ಹೇಳುತ್ತಾರೆ. ಹೇಳಲೇಬೇಕಾದ ಮಾತು ಅದು. ಆ ಹುಡುಗಿಯ ಧೈರ್ಯ ದೊಡ್ಡದು.

ರೈತ ಬಂಧುಗಳೇ, ಬೆಳೆಯಲ್ಲಿ ಹೊಸದೇನಾದರೂ ಕಂಡರೆ ಸ್ಪಷ್ಟವಾದ ಫೋಟೋ ತೆಗೆದು ಬಲ್ಲವರಿಗೆ ಕಳಿಸಿ. ಯಾರೋ ದಾಟಿಸಿದ್ದನ್ನೆಲ್ಲ ನಂಬಬೇಡಿ, ತಜ್ಞರನ್ನೇ ಕೇಳಿ. ನಿಮ್ಮ ಮನೆಯ ಮಗಳೋ ಸೊಸೆಯೋ ತೋಟದಲ್ಲಿ ಫೋನ್ ಹಿಡಿದು ನಿಂತಿದ್ದರೆ ಗದರುವ ಮುಂಚೆ ಒಂದು ಮಾತು ಕೇಳಿ: "ಏನು ಕಂಡಿತಮ್ಮಾ?"